ಗದ್ದದ ಕೆಳಗಿನ ಕೈ

ಬೆಳಗಾವಿಯಲ್ಲಿ ಹೆಣ್ಣು ಡಾಕ್ಟರನ್ನು ‘ಡಾಕ್ಟರ್ ಬಾಯಿ’ ಎನ್ನುವುದು ರೂಢಿ. ನಾನು ಬಾಯಿ, ದವಡೆ, ಮುಖದ ಎಲುಬು ಇವುಗಳ ಶಸ್ತ್ರಚಿಕಿತ್ಸೆ ಮಾಡುವವಳು. ಹೀಗಾಗಿ ಆಸ್ಪತ್ರೆಯ ಆಯಾಗಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ನಾನು ‘ಬಾಯಿ ಡಾಕ್ಟರ್ ಬಾಯಿ’ ಆದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಫೋನು ಎತ್ತಿದರೆ ನಾನೇ ಹಾಗೆ ಹೇಳಿಕೊಳ್ಳತೊಡಗಿದೆ.

ನಿವೃತ್ತಳಾಗಿ ಎರಡು ವರ್ಷವಾಯಿತು. ಖಾಸಬಾಗದ ನಮ್ಮ ಹಳೆಯ ಮನೆಯಲ್ಲಿದ್ದೇನೆ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ ಇದು. ಮೂವತ್ತು ವರ್ಷ ಆಪರೇಶನ್ ಥಿಯೇಟರಿನ ಗಡಿಬಿಡಿಯಲ್ಲಿ ತಪ್ಪಿಸಿಕೊಂಡಿದ್ದ ಆ ಪದ್ಧತಿಗೆ ಈಗ ಮರಳಿದ್ದೇನೆ. ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಫೋನು ಮಾಡಿದಳು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. “ಮೇಡಂ, ನಾಳೆ ಗದ್ದದ ಕೇಸ್ ಐತ್ರಿ. ಯಾವ ಆಪರೇಶನ್ ಎಲ್ಲಾದಕ್ಕಿಂತ ಛಲೋ?” ಎಂದು ಕೇಳಿದಳು. “ಪೇಶಂಟ್ ಏನ್ ಕೇಳ್ಯಾರ?” ಎಂದೆ. “ಫೋಟೋ ತಂದಾರ್ರಿ” ಎಂದಳು. ಅಂದರೆ ಪೇಶಂಟನ್ನು ಆಕೆ ಏನೂ ಕೇಳಿಲ್ಲ ಎಂದಾಯಿತು. ಬೈಯಬೇಕೆನಿಸಿತು, ಬೈಯಲಿಲ್ಲ. ಆ ವಯಸ್ಸಿನಲ್ಲಿ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಅದನ್ನು ಫೋನಿನಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗದ್ದ ಎಂದರೆ ಕೆಳದವಡೆಯ ಮುಂದಿನ ತುದಿ. ಅದು ಹಿಂದೆ ಸರಿದಿದ್ದರೆ ಆ ತುದಿಯನ್ನಷ್ಟೇ ಅಡ್ಡಲಾಗಿ ಕೊಯ್ದು ಮುಂದಕ್ಕೆ ಜಾರಿಸಿ ಕೂರಿಸಬಹುದು. ಉದ್ದವಾಗಿದ್ದರೆ ನಡುವಿನಿಂದ ಒಂದು ಹೋಳು ತೆಗೆದು ಕೆಳಗಿನದನ್ನು ಮೇಲಕ್ಕೆ ಸೇರಿಸಬಹುದು. ಸೊಟ್ಟಗಿದ್ದರೆ ಬಾಜೂಕ ಸರಿಸಬಹುದು. ಎಲುಬನ್ನು ಮುಟ್ಟದೆ ಅದರ ಮುಂದೆ ಸಿಲಿಕಾನಿನ ತುಂಡೊಂದನ್ನು ಕೂರಿಸಿ ಗದ್ದ ಇರುವಂತೆ ತೋರಿಸಬಹುದು. ಕೊಯ್ಯುವುದೆಲ್ಲ ತುಟಿಯ ಒಳಗಿನಿಂದ, ಹೊರಗೆ ಗಾಯದ ಗುರುತೂ ಕಾಣದು. ಕೈ ಪಳಗಿದವರಿಗೆ ಇವು ಯಾವುವೂ ಬಹಳ ಕಷ್ಟದ ಕೆಲಸಗಳಲ್ಲ. ಆ ಮುಖಕ್ಕೆ ಯಾವುದು ಬೇಕು ಎಂದು ತಿಳಿಯುವುದು ಕಷ್ಟ. ನಾನು ಎಡವಿದ್ದೆಲ್ಲ ಅಲ್ಲಿಯೇ.

ನನಗೆ ಕೆಲಸ ಕಲಿಸಿದ ಹಿರಿಯರನ್ನು ಎಲ್ಲರೂ ಬರೀ ‘ಸರ್’ ಎನ್ನುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಪೇಶಂಟ್ ಬಂದರೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ ಊರು, ಬೆಳೆ, ಬಸ್ಸಿನ ಸುದ್ದಿ ಮಾತಾಡಿಸುತ್ತಿದ್ದರು. ಎಕ್ಸ್‌ರೇ ಕವರಿನಲ್ಲಿಯೇ ಇರುತ್ತಿತ್ತು. ನನಗೆ ತಾಳ್ಮೆ ಇರಲಿಲ್ಲ. ಹೊರಗೆ ಇಪ್ಪತ್ತು ಮಂದಿ ಕಾಯುತ್ತಿರುವಾಗ ಇವರು ಜೋಳದ ಬಗ್ಗೆ ಏಕೆ ಕೇಳುತ್ತಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಮೊದಲ ಪೆಟ್ಟು ತಿಂದದ್ದು ಒಬ್ಬ ಬಟ್ಟೆ ವ್ಯಾಪಾರಿಯ ಗದ್ದದಲ್ಲಿ. ನಮ್ಮ ಸಮಾಜದವರೇ, ತಂದೆಗೆ ಪರಿಚಯದವರು. ಅವರ ಗದ್ದ ಬಹಳ ಉದ್ದ. ಸರ್ ರಜೆಯಲ್ಲಿದ್ದರು. ಹೋಳು ತೆಗೆದು ಜೋಡಿಸುವುದು ದೀರ್ಘ ಕೆಲಸ, ಕೆಳಗಿನಿಂದ ಯಂತ್ರದಲ್ಲಿ ಸವೆಸಿಬಿಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂದು ಹಾಗೆಯೇ ಮಾಡಿದೆ. ಎಕ್ಸ್‌ರೇಯಲ್ಲಿ ಎಲುಬು ಅಂದವಾಗಿ ಸಣ್ಣದಾಗಿತ್ತು. ಬಾವು ಇಳಿದ ಮೇಲೆ ನೋಡಿದರೆ, ಎಲುಬಿನಿಂದ ಬಿಡಿಸಿಕೊಂಡ ಮಾಂಸ ಮತ್ತು ಚರ್ಮ ಅರ್ಧ ಖಾಲಿಯಾದ ಚೀಲದ ಹಾಗೆ ಕೆಳಗೆ ಜೋತುಬಿದ್ದಿತ್ತು. ಸರ್ ಬಂದು ಅವರ ಮುಖವನ್ನು ನೋಡಿ ಮರಾಠಿಯಲ್ಲಿ ಏನೋ ನಗೆಮಾತು ಆಡಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಎಲುಬು ಸಣ್ಣದಾತು. ತೊಗಲಿಗೆ ಯಾರು ಹೇಳಬೇಕು?” ಎಂದರು. ಮತ್ತೆ ತೆರೆದು, ಜೋತುಬಿದ್ದದ್ದನ್ನು ಎಲುಬಿಗೆ ಬಿಗಿದು ಹೊಲಿಯಬೇಕಾಯಿತು. ನೆಟ್ಟಗೆ ಆಯಿತು, ಆದರೆ ಮೊದಲೇ ಮಾಡಿದ್ದರೆ ಆಗುತ್ತಿದ್ದಷ್ಟು ಅಲ್ಲ. ಆ ವ್ಯಾಪಾರಿ ತೀರಿಕೊಳ್ಳುವವರೆಗೂ ಬಸದಿಯಲ್ಲಿ ಎದುರಾದಾಗಲೆಲ್ಲ ನಾನು ಮೊದಲು ಅವರ ಗದ್ದ ನೋಡಿ ಆಮೇಲೆ ಕೈ ಮುಗಿಯುತ್ತಿದ್ದೆ.

ಎರಡನೆಯದು ವಡಗಾವಿಯ ನೇಕಾರರೊಬ್ಬರದು. ಬಸಪ್ಪ ಎನ್ನೋಣ. ಮಗ್ಗದಿಂದ ಲಾಳಿ ಹಾರಿ ಗದ್ದಕ್ಕೆ ಬಡಿದು ಎಲುಬು ಸೀಳಿತ್ತು. ಎಲ್ಲೋ ಪಟ್ಟಿ ಕಟ್ಟಿಸಿಕೊಂಡು ಸುಮ್ಮನಾಗಿದ್ದರು, ಅದು ಸೊಟ್ಟಗೆ ಕೂಡಿಕೊಂಡಿತ್ತು. ನಾನು ಎಕ್ಸ್‌ರೇ ಮೇಲೆ ತೆಳುಕಾಗದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ಆಗ ನಮ್ಮ ಲೆಕ್ಕಾಚಾರವೆಲ್ಲ ಹಾಗೆಯೇ. ಬಸಪ್ಪ ಸ್ವಲ್ಪ ಹೊತ್ತು ನೋಡಿ, ಕಿಸೆಯಿಂದ ಒಂದು ಎಳೆ ನೂಲು ತೆಗೆದು, ತುದಿಗೆ ನನ್ನ ಮೇಜಿನ ಮೇಲಿದ್ದ ಕೀಲಿಕೈ ಕಟ್ಟಿ, ಹುಬ್ಬುಗಳ ನಡುವಿನಿಂದ ಇಳಿಬಿಟ್ಟರು. “ಈಗ ನೋಡ್ರಿ ಬಾಯಾರ. ಮೂಗು ಬರೋಬರಿ ಐತಿ. ತುಟಿ ಬರೋಬರಿ ಐತಿ. ಗದ್ದ ನಾಕ ಎಳಿ ಎಡಕ್ಕ ಹ್ವಾಗೈತಿ.” ನನ್ನ ಪೆನ್ಸಿಲಿನ ಲೆಕ್ಕವೂ ಅದನ್ನೇ ಹೇಳಿತು, ಅರ್ಧ ಗಂಟೆ ತಡವಾಗಿ. ಮುಂದೆ ಕಂಪ್ಯೂಟರು ಬಂದು ತಲೆಬುರುಡೆಯನ್ನೇ ಪರದೆಯ ಮೇಲೆ ತಿರುಗಿಸಿ ತೋರಿಸುವ ಕಾಲದಲ್ಲೂ ನನ್ನ ಡ್ರಾಯರಿನಲ್ಲಿ ನೂಲು ಮತ್ತು ಕೀಲಿಕೈ ಇದ್ದವು.

ಬಸಪ್ಪನವರ ಗದ್ದ ಬಲಕ್ಕೆ ಸರಿದು ನೇರವಾಯಿತು. ನಾನು ಬೀಗಿದೆ. ಮೂರು ವಾರದ ಮೇಲೆ ಅವರು ಬಂದು ಸುಮ್ಮನೆ ಕೂತರು. ಮುಖ ಸಪ್ಪಗಿತ್ತು. “ಬಾಯಾರ, ತುಟಿ ನನ್ನದಲ್ಲ ಅನಸ್ತೈತಿ” ಎಂದರು. ಗದ್ದದ ಎಲುಬಿನ ಎರಡೂ ಕಡೆ ಒಂದೊಂದು ನರ ಹೊರಬರುತ್ತದೆ. ಕೆಳತುಟಿಗೆ ಸ್ಪರ್ಶ ಕೊಡುವುದು ಅದೇ. ಅದು ಎಳೆದಂತಾದರೆ ತುಟಿ ಕೆಲವು ತಿಂಗಳು ಜಡವಾಗಿರುತ್ತದೆ. ‘ಸ್ವಲ್ಪ ಮರಗಟ್ಟಬಹುದು’ ಎಂದು ನಾನು ಮೊದಲೇ ಹೇಳಿದ್ದೆ, ಅವರು ಹೂಂ ಎಂದಿದ್ದರು. ಆದರೆ ಲಾಳಿಯ ಸಣ್ಣ ತೂತಿನಿಂದ ನೂಲನ್ನು ಅವರು ತುಟಿಯಿಂದ ಹೀರಿ ಎಳೆಯುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ದಿನಕ್ಕೆ ನೂರಾರು ಸಲ ಮಾಡುವ ಕೆಲಸ. ನೂಲು ತುಟಿಗೆ ಬಂತೋ ಇಲ್ಲವೋ ಎಂಬುದೇ ಈಗ ತಿಳಿಯುತ್ತಿರಲಿಲ್ಲ. ಏಳು ತಿಂಗಳು ಅವರ ಹೆಂಡತಿ ಪಕ್ಕದಲ್ಲಿ ಕೂತು ನೂಲು ತೆಗೆದುಕೊಟ್ಟರು. ಸ್ಪರ್ಶ ನಿಧಾನಕ್ಕೆ ಮರಳಿ ಬಂತು, ದೇವರ ದಯೆ. ಆ ಮೇಲಿಂದ ಪೇಶಂಟಿಗೆ “ನೀವು ತುಟಿಯಿಂದ ಏನೇನು ಮಾಡ್ತೀರಿ?” ಎಂದು ಕೇಳುವುದನ್ನು ಕಲಿತೆ. ಕೊಳಲು ಊದುವವರು, ಮೈಕಿನ ಮುಂದೆ ಮಾತಾಡುವವರು ಎಷ್ಟೋ ಮಂದಿ ಇರುತ್ತಾರೆ. ಕೆಲವರು ನಕ್ಕುಬಿಡುತ್ತಿದ್ದರು. ನಗಲಿ ಎಂದು ಸುಮ್ಮನಿರುತ್ತಿದ್ದೆ.

ಇಷ್ಟು ಕಲಿತ ಮೇಲೂ ಸಖೂಳ ವಿಷಯದಲ್ಲಿ ಹಾಗಾಯಿತು. ಈ ಬರಹಕ್ಕೆ ಕಾರಣ ಅವಳೇ.

ಎಲುಬು ಬಿಗಿಯುವ ತಂತಿಗಳು ಹೋಗಿ ಸಣ್ಣ ಪ್ಲೇಟು, ಸ್ಕ್ರೂಗಳು ಬಂದಿದ್ದ ಕಾಲ. ಸಿಲಿಕಾನಿನ ಗದ್ದವೂ ಆಗಲೇ ನಮ್ಮ ಕೈಗೆ ಬಂದಿತ್ತು. ಅದನ್ನು ಕೂರಿಸಲು ಪೂರ್ತಿ ಪ್ರಜ್ಞೆ ತಪ್ಪಿಸಬೇಕಿಲ್ಲ. ಗದ್ದ ಜಡವಾಗಲು ಒಂದು ಸೂಜಿ, ಮಂಪರಿಗೆ ಒಂದು ಸೂಜಿ, ಮುಕ್ಕಾಲು ಗಂಟೆಯ ಕೆಲಸ. ನಾನು ಸಾಲುಸಾಲಾಗಿ ಅದನ್ನೇ ಮಾಡುತ್ತಿದ್ದೆ. ಆಗ ಒಂದು ದಿನ ಖಾನಾಪುರದಾಚೆಯ ಗುಂಜಿ ಕಡೆಯಿಂದ ತಾಯಿ ಮಗಳು ಬಂದರು. ತಾಯಿ ವಿಠಾಬಾಯಿ, ಕಾಡಂಚಿನಲ್ಲಿ ಎಮ್ಮೆ ಸಾಕುವ ಮನೆಯವಳು. ಮಗಳು ಸಖೂ, ಇಪ್ಪತ್ತರ ಹುಡುಗಿ, ಖಾನಾಪುರದ ಒಂದು ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಸಣ್ಣವಳಿದ್ದಾಗ ಅಟ್ಟದಿಂದ ಬಿದ್ದು ಗದ್ದ ಬಡಿಸಿಕೊಂಡಿದ್ದಳು. ಅಲ್ಲಿಂದ ಮುಂದೆ ಮುಖ ಬೆಳೆಯಿತು, ಕೆಳದವಡೆ ಅಷ್ಟು ಬೆಳೆಯಲಿಲ್ಲ. ಬಾಯಿ ಚೆನ್ನಾಗಿಯೇ ತೆರೆಯುತ್ತಿತ್ತು. ಬಾಜೂದಿಂದ ನೋಡಿದರೆ ಕೆಳತುಟಿಯಿಂದ ಗಂಟಲಿಗೆ ಒಂದೇ ಇಳಿಜಾರು.

“ಗದ್ದ ಮುಂದ ತರ್ರಿ ಬಾಯಾರ” ಎಂದಳು ವಿಠಾಬಾಯಿ. ಅವರ ಮನೆಮಾತು ಮರಾಠಿ, ನನ್ನೊಂದಿಗೆ ಕನ್ನಡ ಮಾತಾಡಿದಳು. ಬರುವ ವರ್ಷ ಸಖೂಳ ಮದುವೆ ಮಾಡುವುದಿದೆ ಎಂದಳು. ನಾನು ಕೇಸ್ ಪೇಪರು ತುಂಬಿಸತೊಡಗಿದೆ. ಊಟ ಹೇಗೆ, ಹಿಂದಿನ ಕಾಯಿಲೆ ಏನು, ನಿದ್ದೆ ಹೇಗೆ.

“ನಿದ್ದಿ ಭಾರಿ ಐತ್ರಿ ಅಕಿದು” ಎಂದಳು ವಿಠಾಬಾಯಿ.

ನಾನು ‘ನಿದ್ರೆ: ಉತ್ತಮ’ ಎಂದು ಬರೆದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೆಳಗಾವಿ ಪೇಟೆಯಲ್ಲಿ ‘ಭಾರಿ’ ಎಂದರೆ ಬಹಳ ಚೆನ್ನಾಗಿದೆ ಎಂದು. ಸೀರೆ ಭಾರಿ, ಊಟ ಭಾರಿ, ಭಾಷಣ ಭಾರಿ. ನಾನು ಹುಟ್ಟಿದಾಗಿನಿಂದ ಆ ಮಾತನ್ನು ಹೊಗಳಿಕೆಯಾಗಿಯೇ ಕೇಳಿದವಳು. ವಿಠಾಬಾಯಿ ಹೇಳಿದ ಭಾರಿಯಲ್ಲಿ ತೂಕವಿತ್ತು. ತಲೆಯ ಮೇಲಿನ ಹೊರೆ ಭಾರಿ ಎನ್ನುತ್ತಾರಲ್ಲ, ಅದು. ಒಂದೇ ಮಾತು ಎರಡು ದಿಕ್ಕಿಗೆ ಹೋಯಿತು. ಕೇಳಿದವಳು ನಾನು, ತಿರುಗಿ ಒಂದು ಪ್ರಶ್ನೆ ಕೇಳಬೇಕಾದವಳೂ ನಾನೇ.

ಸಖೂ ಮಾತಿನ ಮಲ್ಲಿ. ಅವಳೇ ನಗುತ್ತ ಇನ್ನೊಂದು ಸುಳಿವು ಕೊಟ್ಟಿದ್ದಳು. “ಗುಂಜಿದಾಗ ಟ್ರೇನ್ ಹತ್ತಿ ಕುಂತ್ರ ಸಾಕ್ರಿ, ಕಣ್ಣ ಹತ್ತತಾವು. ಖಾನಾಪುರಕ್ಕ ಇಳಿಯಾಕಿ, ಎರಡ ಸಲ ಬೆಳಗಾವಿ ನೋಡಿ ಬಂದೇನಿ.” ನಾನೂ ನಕ್ಕೆ. ರಾತ್ರಿ ಸರಿಯಾಗಿ ಉಸಿರಾಡಲಾರದವರು ಹಗಲು ಕೂತಲ್ಲೇ ತೂಕಡಿಸುತ್ತಾರೆ ಎಂದು ಪುಸ್ತಕದಲ್ಲಿ ಓದಿದ್ದೆ, ವಿದ್ಯಾರ್ಥಿಗಳಿಗೆ ಪಾಠವನ್ನೂ ಮಾಡಿದ್ದೆ. ಆ ಪಾಠ ಈ ನಗುವ ಹುಡುಗಿಯ ರೂಪದಲ್ಲಿ ಎದುರು ಕೂತಾಗ ಗುರುತು ಹತ್ತಲಿಲ್ಲ. ನನ್ನ ಮನಸ್ಸಾಗಲೇ ಯಾವ ಅಳತೆಯ ಸಿಲಿಕಾನು ಎಂದು ಯೋಚಿಸುತ್ತಿತ್ತು. ಮದುವೆ ಎಂಬ ಮಾತು ಕಿವಿಗೆ ಬಿದ್ದಿತ್ತಲ್ಲ, ಇದು ಚೆಂದದ ಕೇಸು ಎಂದು ನಿರ್ಧರಿಸಿಬಿಟ್ಟಿದ್ದೆ.

ಆಪರೇಶನ್ ಸುಸೂತ್ರವಾಯಿತು. ಮಧ್ಯಾಹ್ನ ಅವಳನ್ನು ವಾರ್ಡಿಗೆ ತಂದರು. ಮಂಪರಿನ್ನೂ ಇಳಿದಿರಲಿಲ್ಲ. ನಾನು ರೌಂಡಿಗೆ ಹೋದಾಗ ವಿಠಾಬಾಯಿ ಮಗಳ ತಲೆಯ ಹತ್ತಿರ ಕೂತು, ಎರಡೂ ಕಿವಿಗಳ ಕೆಳಗೆ ಬೆರಳು ಊರಿ, ದವಡೆಯನ್ನು ಬಿಗಿಯಾಗಿ ಮೇಲೆತ್ತಿ ಹಿಡಿದಿದ್ದಳು. ಒಂದು ಹೆಬ್ಬೆರಳು ಹೊಸ ಪಟ್ಟಿಯ ಮೇಲೇ ಇತ್ತು. ಈಗತಾನೆ ಕೂರಿಸಿದ ತುಂಡು, ಜರುಗಿದರೆ ಮಾಡಿದ್ದೆಲ್ಲ ನೀರುಪಾಲು.

“ಏನ್ ಮಾಡಾಕ್ಹತ್ತೀರಿ? ಕೈ ತಗೀರಿ” ಎಂದೆ.

“ಅಕಿ ನಿದ್ದಿ ಭಾರಿ ಐತ್ರಿ ಬಾಯಾರ.”

“ಛಲೋ ಆತಲ್ಲ, ಮಲಗಲಿ. ಮೊದಲ ಕೈ ತಗೀರಿ.”

ಅವಳು ತೆಗೆಯಲಿಲ್ಲ. ಏನೋ ಹೇಳಲು ಬಾಯಿ ತೆರೆದಳು. ನಾನು ಸಿಸ್ಟರಿಗೆ ಸನ್ನೆ ಮಾಡಿದೆ. ಅವರು ವಿಠಾಬಾಯಿಯ ಭುಜ ಹಿಡಿದು ಎಬ್ಬಿಸಿ ವಾರ್ಡಿನ ಹೊರಗೆ ಕೂರಿಸಿ ಬಂದರು. ನಾನು ಮುಂದಿನ ಹಾಸಿಗೆಗೆ ಹೋದೆ. ಅದರ ಮುಂದಿನದಕ್ಕೆ ಹೋದೆ. ಅಷ್ಟರಲ್ಲಿ ಸಿಸ್ಟರ್ ನನ್ನ ಹೆಸರು ಹಿಡಿದು ಕೂಗಿದರು. ಅವರು ಯಾವತ್ತೂ ಹಾಗೆ ಕೂಗಿದವರಲ್ಲ.

ಸಖೂಳ ತುಟಿ ನೀಲಿಯಾಗಿತ್ತು. ಎದೆ ಏರಿಳಿಯುತ್ತಿತ್ತು, ಆದರೆ ಗಾಳಿ ಒಳಗೆ ಹೋಗುತ್ತಿರಲಿಲ್ಲ. ಹಿಂದೆ ಸರಿದ ದವಡೆಯಲ್ಲಿ ನಾಲಗೆಗೆ ಜಾಗವಿಲ್ಲ. ಮಂಪರಿಗೆ ಸ್ನಾಯು ಸಡಿಲವಾಗಿ ನಾಲಗೆ ಗಂಟಲಿಗೆ ಬಿದ್ದಿತ್ತು. ನಾನು ಓಡಿಹೋಗಿ ಎರಡೂ ಕಿವಿಗಳ ಕೆಳಗೆ ಬೆರಳು ಊರಿ ದವಡೆಯನ್ನು ಮೇಲೆತ್ತಿದೆ. ಗರ್ ಎಂದು ಒಂದು ಉಸಿರು ಒಳಗೆ ಹೋಯಿತು. ಬಿಟ್ಟರೆ ನಿಲ್ಲುತ್ತಿತ್ತು, ಎತ್ತಿದರೆ ಬರುತ್ತಿತ್ತು. ಅರಿವಳಿಕೆಯ ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸುವವರೆಗೆ ನಾನು ಹಾಗೆಯೇ ಹಿಡಿದು ನಿಂತೆ. ಆ ಹೊತ್ತಿನಲ್ಲಿ ನನ್ನ ಕೈ ಎಲ್ಲಿದೆ ಎಂದು ನೋಡಿಕೊಂಡೆ. ವಿಠಾಬಾಯಿಯ ಕೈ ಇದ್ದ ಜಾಗದಲ್ಲಿಯೇ ಇತ್ತು.

ಹುಡುಗಿ ಉಳಿದಳು. ಎಚ್ಚರವಾದ ಮೇಲೆ ನೆಟ್ಟಗೆ ಮಾತಾಡಿದಳು, ಬುದ್ಧಿಗೆ ಏನೂ ಆಗಿರಲಿಲ್ಲ. ಹತ್ತು ದಿನಕ್ಕೆ ಬಾವು ಇಳಿಯಿತು. ಕನ್ನಡಿ ನೋಡಿ ಖುಷಿಯಾದಳು, ಖರೇ ಹೇಳಬೇಕೆಂದರೆ ಚೆಂದವೂ ಕಾಣುತ್ತಿದ್ದಳು. ನಿದ್ದೆಯ ಪರೀಕ್ಷೆ ಮಾಡೋಣ, ಇನ್ನೊಂದು ಆಪರೇಶನ್ ಬೇಕಾಗಬಹುದು ಎಂದರೆ ತಲೆ ಅಲ್ಲಾಡಿಸಿ ಊರಿಗೆ ಹೋಗಿಬಿಟ್ಟರು. ಯಾಕೆ ಬೇಕು ಎಂದು ನಾನು ಬಿಡಿಸಿ ಹೇಳಿರಲಿಲ್ಲ. ಹೇಳಿದರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತಿತ್ತು.

ಸರ್ ಕೇಸ್ ಪೇಪರು ತರಿಸಿ ಓದಿದರು. ‘ನಿದ್ರೆ: ಉತ್ತಮ’ ಎಂಬಲ್ಲಿ ಬೆರಳಿಟ್ಟರು. “ಇದು ಯಾರ ಅಕ್ಷರ?”

“ನಂದು ಸರ್.”

“ಅಕಿ ಏನಂದಿದ್ಳು?”

ಹೇಳಿದೆ. ಅವರು ಪೇಪರು ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ, “ಅವರ ಮನಿಗೆ ಹೋಗಿ ಹೇಳಿ ಬಾ. ಇಲ್ಲಿ ಕರೆಸಿ ಹೇಳಿದ್ರ ಏನ್ ಹೇಳಿದ್ರೂ ಹೂಂ ಅಂತಾರ. ನೀ ಅವರ ಚಾಪಿ ಮ್ಯಾಲೆ ಕುಂತು ಹೇಳು” ಎಂದರು.

ಎರಡು ದಿನ ನಾನು ನೆಪ ಹುಡುಕಿದೆ. ಇದನ್ನು ಮುಚ್ಚಿಡುವುದಿಲ್ಲ. ಡಾಕ್ಟರು ಪೇಶಂಟಿನ ಮನೆಗೆ ಹೋಗಿ ತಪ್ಪಾಯಿತು ಎನ್ನುವುದನ್ನು ನಮ್ಮ ಪಾಠದಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಅವಮಾನದ ಭಯವೂ ಇತ್ತು, ಜಗಳದ ಭಯವೂ ಇತ್ತು. ಕೊನೆಗೆ ಸಖೂಗೆ ರಜೆ ಇರುವ ದಿನ ನೋಡಿ ಬೆಳಗಿನ ಟ್ರೇನು ಹತ್ತಿದೆ.

ಗುಂಜಿಯ ಸ್ಟೇಷನ್ನಿನಲ್ಲಿ ನನ್ನ ಜೊತೆ ಇಳಿದವರು ನಾಲ್ಕೇ ಮಂದಿ. ಹಳಿಯ ಆಚೆ ಕಾಡು. ದಾರಿ ಕೇಳಿಕೊಂಡು ಮನೆ ಮುಟ್ಟಿದೆ. ವಿಠಾಬಾಯಿ ಎಮ್ಮೆಗಳಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ಕಂಡು ಗಾಬರಿಯಾಗಿ, “ಬಾಯಾರ, ಏನಾತ್ರಿ? ಬರ್ರಿ, ಕುಂದರ್ರಿ” ಎಂದು ಚಾಪೆ ಹಾಸಿದಳು. ಸಖೂ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

ನಾನು ಹೇಳಿದೆ. ಅವತ್ತು ಉಸಿರು ನಿಂತದ್ದು ನಿಮ್ಮ ನಸೀಬಲ್ಲ. ನಿದ್ದೆ ಭಾರಿ ಎಂದು ನೀವು ಹೇಳಿದ್ದಿರಿ, ನಾನು ಬೇರೆ ಅರ್ಥ ಮಾಡಿಕೊಂಡೆ. ಗೊತ್ತಾಗಿದ್ದರೆ ಆ ಮಂಪರಿನ ಸೂಜಿ ಕೊಡುತ್ತಿರಲಿಲ್ಲ, ಆ ಆಪರೇಶನನ್ನೂ ಮಾಡುತ್ತಿರಲಿಲ್ಲ. “ತಪ್ಪು ನಂದು ಅವ್ವಾ” ಎಂದೆ.

ವಿಠಾಬಾಯಿ ಜಗಳವಾಡಲಿಲ್ಲ. ಕೈಗೆ ಅಂಟಿದ್ದ ಹುಲ್ಲನ್ನು ಒಂದೊಂದೇ ಕಿತ್ತು ಹಾಕುತ್ತಿದ್ದಳು. “ನಾ ಚಂದ ಮಾಡ್ರಿ ಅಂತ ಬಂದಿದ್ದಿಲ್ರಿ. ಗದ್ದ ಮುಂದ ತರ್ರಿ ಅಂತ ಬಂದಿದ್ದೆ.”

“ಹೌದು” ಎಂದೆ.

“ಇಕಿ ಮಲಗಿದ್ರ ಗಂಟಲ ಕಟ್ಟತೈತ್ರಿ. ಹಿಂಗ ಹಿಡದ್ರ ಉಸರ ಆಡತೈತಿ.” ಅವಳು ತನ್ನ ದವಡೆಗೇ ಬೆರಳು ಊರಿ ತೋರಿಸಿದಳು. ನಾವು ಮೂರನೆಯ ವರ್ಷದಲ್ಲಿ ಗೊಂಬೆಯ ಮೇಲೆ ಕಲಿಯುವ ಹಿಡಿತ. “ಹತ್ತ ವರ್ಷ ಆತ್ರಿ. ಇಕಿ ಮಲಗಿದಾಗ ನಾ ಕುಂದರ್ತೀನಿ.”

“ನೀವು ಯಾವಾಗ ಮಲಗ್ತೀರಿ?”

“ಇಕಿ ಎದ್ದು ಟ್ರೇನಿಗೆ ಹ್ವಾದ ಮ್ಯಾಲ, ಒಂದೀಟ.” ಆಮೇಲೆ ಮಗಳ ಕಡೆ ನೋಡದೆ ಹೇಳಿದಳು. “ಲಗ್ನಾ ಆಗಿ ಹ್ವಾದ್ರ ಅಲ್ಲಿ ಹಿಡಿಯವರ ಯಾರ್ರಿ? ಅದಕ್ಕ ಬಂದಿದ್ದೆ.”

ನಾನು ಮಾಡಿದ್ದು ಎಂಥದು ಎಂದು ಆಗ ಪೂರ್ತಿ ತಿಳಿಯಿತು. ಅವಳು ಕೇಳಿದ್ದು ಎಲುಬು ಮುಂದೆ ಬರುವುದನ್ನು. ಗದ್ದದ ಎಲುಬಿನ ಒಳಮೈಗೆ ನಾಲಗೆಯ ಸ್ನಾಯು ಅಂಟಿಕೊಂಡಿರುತ್ತದೆ. ಎಲುಬನ್ನು ಕೊಯ್ದು ಮುಂದೆ ತಂದರೆ ಅದರೊಂದಿಗೆ ನಾಲಗೆಯೂ ಬರುತ್ತದೆ, ಗಂಟಲು ತೆರೆದುಕೊಳ್ಳುತ್ತದೆ. ಸಿಲಿಕಾನು ಎಲುಬಿನ ಮುಂದೆ ಕೂರುತ್ತದೆ. ನಾಲಗೆ ಇದ್ದಲ್ಲೇ ಇರುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಸಾಲಿ ಕಲಿಯದ ಈ ಹೆಂಗಸಿಗೆ ಆ ವ್ಯತ್ಯಾಸ ತನ್ನ ಬೆರಳಿನಿಂದಲೇ ಗೊತ್ತಿತ್ತು.

ಸಖೂ ಬಾಗಿಲಿನಿಂದ ಮುಂದೆ ಬಂದಳು. “ನಂಗ ಬ್ಯಾಡ್ರಿ ಬಾಯಾರ. ಈಗ ಛಲೋ ಕಾಣ್ತೀನಿ. ಮತ್ತ ಯಾಕ ಕೊಯ್ಸಕೊಳ್ಳಲಿ? ಮತ್ತ ಹಂಗ ಆದ್ರ?” ಅವಳ ಭಯಕ್ಕೆ ಅರ್ಥವಿತ್ತು. ಇನ್ನೊಮ್ಮೆ ನನ್ನನ್ನು ನಂಬು ಎನ್ನಲು ನನ್ನ ಬಳಿ ಏನೂ ಇರಲಿಲ್ಲ. ಪರೀಕ್ಷೆ ಮಾಡಿ ನೋಡದೆ ಏನನ್ನೂ ಮಾಡುವುದಿಲ್ಲ, ಮಾಡಿದರೆ ಈ ಸಲ ಪೂರ್ತಿ ಪ್ರಜ್ಞೆ ತಪ್ಪಿಸಿ, ಎಚ್ಚರವಾಗುವವರೆಗೆ ನಳಿಕೆ ಇಟ್ಟೇ ಮಾಡುತ್ತೇವೆ, ಬೇಕಾದರೆ ಬೇರೆ ಡಾಕ್ಟರಿಂದ ಮಾಡಿಸಿಕೊ ಎಂದೆ. ಅವಳು ನನ್ನ ಮಾತು ಕೇಳುತ್ತಿದ್ದಂತೆ ಕಾಣಲಿಲ್ಲ. ತಾಯಿಯ ಕೈಯನ್ನೇ ನೋಡುತ್ತಿದ್ದಳು.

“ಅವ್ವಾ, ನೀ ಬಾಜೂಕ ಕುಂತಿರೂದು ಅದಕ್ಕೇನ? ನಾ ನಿನಗ ನಿದ್ದಿ ಬರೂದಿಲ್ಲಂತ ತಿಳಕೊಂಡಿದ್ನಿ.”

ವಿಠಾಬಾಯಿ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ದಿನಾ?”

“ದಿನಾ” ಎಂದಳು ತಾಯಿ.

ಸಖೂ ಒಳಗೆ ಹೋದಳು. ಹೋದವಳು ನೀರಿನ ತಂಬಿಗೆ ತಂದು ನನ್ನ ಮುಂದೆ ಇಟ್ಟಳು. ಅಷ್ಟು ಹೊತ್ತೂ ನನಗೆ ಯಾರೂ ನೀರು ಕೊಟ್ಟಿರಲಿಲ್ಲ. “ಯಾವಾಗ ಬರಬೇಕ್ರಿ?” ಎಂದಳು.

ನಿದ್ದೆಯ ಪರೀಕ್ಷೆಯಲ್ಲಿ ನಾವು ಹೆದರಿದಷ್ಟೇ ಕಂಡಿತು. ಕೆಲವರಿಗೆ ಇಡೀ ದವಡೆಯನ್ನೇ ಎರಡೂ ಕಡೆ ಕೊಯ್ದು ಮುಂದೆ ತರಬೇಕಾಗುತ್ತದೆ, ಬರೀ ಗದ್ದ ಸಾಲುವುದಿಲ್ಲ. ಇವಳಿಗೆ ಗದ್ದವನ್ನೇ ನಾಲಗೆಯ ಸ್ನಾಯುವಿನೊಂದಿಗೆ ಆದಷ್ಟು ಮುಂದೆ ತಂದು ನೋಡೋಣ, ಸಾಲದಿದ್ದರೆ ಮುಂದಿನದು ಎಂದು ಸರ್ ಹೇಳಿದರು. ಅದನ್ನೂ ತಾಯಿ ಮಗಳಿಗೆ ಬಿಡಿಸಿ ಹೇಳಿದೆ. ಸರ್ ಅವರೇ ಮಾಡುತ್ತಾರೆಂದು ನಾನು ಅಂದುಕೊಂಡಿದ್ದೆ. ಸಖೂ ನನ್ನ ಕಡೆ ಬೆರಳು ತೋರಿಸಿ, “ಇವರೇ ಮಾಡ್ಲಿ. ಇವರಿಗೆ ಈಗ ಗೊತ್ತೈತಿ” ಎಂದಳು. ಸರ್ ನಕ್ಕದ್ದನ್ನು ನಾನು ನೋಡಿದ ಕೆಲವೇ ಸಲಗಳಲ್ಲಿ ಅದೊಂದು.

ಸಿಲಿಕಾನು ಎರಡು ನಿಮಿಷದಲ್ಲಿ ಹೊರಬಂತು. ಎಲುಬನ್ನು ಕೊಯ್ಯುವಾಗ ಎರಡೂ ನರಗಳನ್ನು ಕಾಪಾಡಿ, ಬಸಪ್ಪನವರನ್ನು ನೆನೆಯುತ್ತ ಗರಗಸ ನಡೆಸಿದೆ. ತುಂಡನ್ನು ಮುಂದಕ್ಕೆ ಜಾರಿಸಿ ಪ್ಲೇಟಿನಿಂದ ಬಿಗಿದಾಗ ಅರಿವಳಿಕೆಯ ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, “ಜಾಗ ಆತ್ರಿ” ಎಂದರು. ನಳಿಕೆಯನ್ನು ಮರುದಿನ, ಅವಳು ಪೂರ್ತಿ ಎಚ್ಚರವಾಗಿ ನನ್ನನ್ನು ಗುರುತಿಸಿದ ಮೇಲೆಯೇ ತೆಗೆದೆವು.

ಬಾವು ಇಳಿಯಲು ಎರಡು ತಿಂಗಳು ಬಿಟ್ಟು, ನಿದ್ದೆಯನ್ನು ಕಣ್ಣಾರೆ ನೋಡಬೇಕೆಂದು ಅವರನ್ನು ಕರೆಸಿದೆ. ಮಧ್ಯಾಹ್ನ ಊಟ ಮಾಡಿಸಿ ವಾರ್ಡಿನ ಪಕ್ಕದ ಕೋಣೆಯಲ್ಲಿ ಸಖೂಳನ್ನು ಮಲಗಿಸಿದೆ. ನಾನು ಗೋಡೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಸಖೂಗೆ ಕಣ್ಣು ಹತ್ತುತ್ತಿದ್ದಂತೆ ವಿಠಾಬಾಯಿಯ ಎರಡೂ ಕೈ ತಾವಾಗಿಯೇ ಹೋಗಿ ದವಡೆಯ ಕೆಳಗೆ ಕೂತವು.

ಸ್ವಲ್ಪ ಹೊತ್ತು ಬಿಟ್ಟು ನಾನು ಹೇಳಿದೆ. “ಅವ್ವಾ, ಈಗ ಕೈ ತಗೀರಿ.”

ಅವಳು ನನ್ನನ್ನು ನೋಡಿದಳು. ಅದೇ ಮಾತು, ಅದೇ ಬಾಯಿ. ಅವಳು ಹೆದರಿದ್ದು ನನಗೆ ಕಂಡಿತು, ನನಗೂ ಹೆದರಿಕೆಯಿತ್ತು. “ನಾ ಇಲ್ಲೇ ಇರ್ತೀನಿ. ಎಲ್ಲಿಗೂ ಹೋಗಂಗಿಲ್ಲ” ಎಂದೆ. ಅವಳು ಮೊದಲು ಒಂದು ಕೈ ತೆಗೆದಳು. ತಡೆದಳು. ಆಮೇಲೆ ಇನ್ನೊಂದನ್ನೂ ತೆಗೆದಳು, ಆದರೆ ದೂರ ಒಯ್ಯದೆ ಗದ್ದದ ಹತ್ತಿರವೇ ಗಾಳಿಯಲ್ಲಿ ಹಿಡಿದುಕೊಂಡಿದ್ದಳು. ಸಖೂಳ ಉಸಿರು ಒಳಗೆ ಹೋಯಿತು, ಹೊರಗೆ ಬಂತು. ಸದ್ದಿರಲಿಲ್ಲ. ನಾನು ಮನಸ್ಸಿನಲ್ಲಿ ಎಣಿಸುತ್ತಿದ್ದೆ. ಮುನ್ನೂರರವರೆಗೆ ಎಣಿಸಿ ಬಿಟ್ಟುಬಿಟ್ಟೆ.

ಕೇಸ್ ಪೇಪರು ತೊಡೆಯ ಮೇಲಿತ್ತು. “ನಿದ್ದಿ ಹೆಂಗೈತಿ ಅಂತ ಬರೀಲಿ ಅವ್ವಾ?” ಎಂದು ಮೆಲ್ಲಗೆ ಕೇಳಿದೆ.

ಅವಳು ಮಗಳ ಮುಖದ ಮೇಲೆ ಬಾಗಿ ಕಿವಿಗೊಟ್ಟು ಕೇಳಿದಳು. “ಹಗೂರ ಐತ್ರಿ” ಎಂದಳು.

ಹಾಗೆಂದರೆ ಏನು ಎಂದು ಮತ್ತೆ ಕೇಳಿದೆ. ಈ ಸಲ ಎರಡು ಅರ್ಥಕ್ಕೆ ಜಾಗ ಬಿಡುವ ಧೈರ್ಯ ನನಗಿರಲಿಲ್ಲ. ತಲೆ ಎತ್ತಿ ನೋಡಿದರೆ ವಿಠಾಬಾಯಿ ಮಂಚದ ಅಂಚಿಗೆ ಹಣೆ ಹಚ್ಚಿ, ಖಾಲಿ ಕೈಗಳನ್ನು ಮಡಿಲಲ್ಲಿ ಬಿಟ್ಟುಕೊಂಡು ಕೂತಲ್ಲೇ ನಿದ್ದೆ ಹೋಗಿದ್ದಳು. ಕೋಣೆ ಖಾಲಿ ಮಾಡಿಸಲು ಬಂದ ಸಿಸ್ಟರಿಗೆ ಸುಮ್ಮನಿರಲು ಸನ್ನೆ ಮಾಡಿದೆ. ಸಂಜೆಯ ಟ್ರೇನಿನ ಹೊತ್ತಿಗೆ ಸಖೂ ಎದ್ದಳು. ತಾಯಿಯನ್ನು ಎಬ್ಬಿಸಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು. ಅವಳೂ ನಾನೂ ಆಚೀಚೆ ಕೂತು ಆಕೆಗೆ ಎಚ್ಚರವಾಗುವವರೆಗೆ ಕಾದೆವು.